ಡಾಡ್ಜರ್ಸ್–ಜೈಂಟ್ಸ್ 2025 ಸೆಪ್ಟೆಂಬರ್ 12, 13, 14: ಅಪ್ಪ ಅಮ್ಮನ್ನ ಯಾವ ದಿನ ಕರ್ಕೊಂಡ್ ಹೋಗ್ಲಿ? ಹೋಗಿ ಬಂದೋರು ಹೇಳಿ

ಸನ್ನಿವೇಲ್ ಸೀನ:
ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಬೆಂಗಳೂರಿಂದ ಬಂದಿದಾರೆ, 17ಕ್ಕೆ ವಾಪಸ್ ಫ್ಲೈಟು. ಅಷ್ಟ್ರೊಳಗೆ ಒಂದು ಬೇಸ್‌ಬಾಲ್ ಆಟ ತೋರಿಸ್ಬೇಕು ಅಂತ ಆಸೆ, ಅದೂ ಯಾವುದೋ ಸಪ್ಪೆ ಆಟ ಅಲ್ಲ, ಈ ವಾರ ಸ್ಯಾನ್ ಫ್ರಾನ್ಸಿಸ್ಕೋದ ಓರಾಕಲ್ ಪಾರ್ಕಲ್ಲಿ ನಮ್ಮ ಜೈಂಟ್ಸಿಗೆ ಲಾಸ್ ಏಂಜಲೀಸಿನ ಡಾಡ್ಜರ್ಸ್ ಜೊತೆ ಇರೋದು. ನ್ಯೂಯಾರ್ಕಿನ ಮೆಟ್ಸ್ ಸೋಲ್ತಾನೇ ಇದೆ, ಕೊನೇ ವೈಲ್ಡ್ ಕಾರ್ಡು (ಡಿವಿಷನ್ ಅಂದ್ರೆ ತಮ್ಮ ಗುಂಪು ಗೆಲ್ಲದೋರಿಗೂ ಪ್ಲೇಆಫ್‌ಗೆ ಸಿಗೋ ಜಾಗ) ನಮ್ಮ ಕೈಗೆ ಎಟುಕೋ ಹಾಗಿದೆ, ಅತ್ಲಾಗೆ ಡಾಡ್ಜರ್ಸ್ ಬೆನ್ನಿಗೆ ಸ್ಯಾನ್ ಡಿಯಾಗೊದ ಪಾಡ್ರೆಸ್ ಬಿದ್ದಿದೆ, ಅಂದ್ರೆ ಇಬ್ರಿಗೂ ಗೆಲ್ಲಲೇಬೇಕಾದ ಸೀರೀಸು. ಬೌಲಿಂಗ್ ಶುರು ಮಾಡೋರು, ನಮ್ಮೋರ ಹೆಸರು ಮೊದ್ಲು: ಶುಕ್ರವಾರ ರಾತ್ರಿ ವರ್ಲ್ಯಾಂಡರ್–ಯಮಮೊಟೊ, ಶನಿವಾರ ವೆಬ್–ಕರ್ಶಾ, ಭಾನುವಾರ ಮಧ್ಯಾಹ್ನ ರೇ–ಗ್ಲಾಸ್ನೋ ಅಂತಿದಾರೆ. ಅಪ್ಪಂಗೆ 71, ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ. ಅಮ್ಮಂಗೆ ಜೂನ್ 4ಕ್ಕೆ ಚಿನ್ನಸ್ವಾಮಿ ಹತ್ರ ಆಗಿದ್ದನ್ನ ಟಿವೀಲಿ ನೋಡಿದ್ಮೇಲೆ ಸ್ಟೇಡಿಯಂ ಅಂದ್ರೇನೇ ಎದೆ ಢವಢವ. ಮೂರು ಜನಕ್ಕೆ ಬಜೆಟ್ 300 ಡಾಲರ್. ಯಾವ ದಿನ, ಯಾವ ಕಡೆ ಸೀಟು, ಕಾರಾ ಕ್ಯಾಲ್‌ಟ್ರೇನಾ? ಹೇಳಿ ಪುಣ್ಯ ಕಟ್ಕೊಳ್ಳಿ.

ನಂಬರ್28:
ಡಾಡ್ಜರ್ಸ್ ಆಟಕ್ಕೆ ದುಡ್ಡು ಹಾಕ್ಲೇಬೇಡಿ, ಅಷ್ಟೆ. ಯಾಕೆ ಅಂದ್ರೆ 2021. ನಾವು 107 ಗೆದ್ವಿ ಅವ್ರು 106, ಡಿವಿಷನ್ ನಮ್ದು, ಆದ್ರೂ ಕೊನೆಗೆ ಅವ್ರ ಜೊತೆ ಪ್ಲೇಆಫ್ ಸೀರೀಸಲ್ಲಿ ಅಕ್ಟೋಬರ್ 14ರ ಐದನೇ, ಕೊನೇ ಆಟಕ್ಕೆ ಬಂದು ನಿಲ್ತು. ಎರಡು ಟಿಕೆಟ್ ತಲಾ 412, ಮೇಲೆ ರೀಸೇಲ್ ಆಪ್ ಫೀಸು 171 (ಇದು ಯಾವ ಸೇವೆಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ), ಪಾರ್ಕಿಂಗ್ 75, ಮಗು ನೋಡ್ಕೊಳ್ಳೋ ಹುಡುಗೀಗೆ 140, ಒಟ್ಟು 1,210. ಆ ಎಕ್ಸೆಲ್ ಶೀಟ್ ಇನ್ನೂ ಇದೆ. ಒಂಬತ್ತನೇ ಇನ್ನಿಂಗ್ಸು 1-1. ಅವ್ರ ಬೆಲಿಂಜರ್, ಆ ಸೀಸನ್ನೆಲ್ಲ .165 ಸರಾಸರೀಲಿ ಹೊಡ್ಕೊಂಡಿದ್ದ ಪುಣ್ಯಾತ್ಮ, ನಮ್ಮ ಡೋವಲ್‌ಗೆ ಸಿಂಗಲ್ ಬಾರಿಸಿ 2-1 ಮಾಡಿದ. ನಮ್ದು ಎರಡು ಔಟು, ಬ್ರಯಂಟ್ ಫಸ್ಟ್ ಬೇಸಲ್ಲಿ, ಫ್ಲೋರೆಸ್ ಬ್ಯಾಟಿಂಗು, ಅವ್ರ ಶರ್ಜರ್ ಹಾಕ್ತಿದಾನೆ. ನಾನು ಕೂತಿದ್ದು ಫಸ್ಟ್ ಬೇಸ್ ಲೈನಿನ ಮೇಲೇನೇ, ಅಂದ್ರೆ ಆ ಅಂಪೈರ್ ಎಲ್ಲಿಂದ ನೋಡ್ತಿದ್ನೋ ಅಲ್ಲಿಂದಾನೇ, ಸ್ವಲ್ಪ ಎತ್ತರದಿಂದ. ಬಾಲ್ ಹೊರಗೆ ಹೋಯ್ತು, ಫ್ಲೋರೆಸ್ ಕೈ ಎಳ್ಕೊಂಡ, ಮಣಿಕಟ್ಟು ತಿರುಗ್ಲೇ ಇಲ್ಲ, ಬ್ಯಾಟಿನ ತುದಿ ಪ್ಲೇಟು ದಾಟ್ಲೇ ಇಲ್ಲ. ಆದ್ರೂ ಪೂರ್ತಿ ಬೀಸಿದ ಅಂತ ಅಂಪೈರ್ ಮುಷ್ಟಿ ಎತ್ತಿದ, ಔಟು, ಆಟ ಮುಗೀತು. ಮನೆಗೆ ಬರೋವರೆಗೂ ಹೆಂಡ್ತಿ ಒಂದ್ ಮಾತಾಡ್ಲಿಲ್ಲ, ಬಂದ್ಮೇಲೆ ಕೇಳಿದ್ಲು, ಆ ದುಡ್ಡಲ್ಲಿ ಒಬ್ಬರು ಬೆಂಗಳೂರಿಗೆ ಹೋಗ್ಬರ್ಬೋದಿತ್ತಲ್ವಾ ಅಂತ.

ಇರ್ವೈನ್ ಬಾಯ್:
ಇನ್ನೂ ಆ ಅರ್ಧಕ್ಕೇ ಎಳ್ಕೊಂಡ ಚೆಕ್ ಸ್ವಿಂಗ್ ಬಿಟ್ಟಿಲ್ವಾ ಗುರೂ? ಆಗ್ಲೇ ಎರಡು ಸ್ಟ್ರೈಕ್ ಆಗಿತ್ತು, ಅದು ತಪ್ಪಿದ್ರೆ ಮುಂದಿನ ಬಾಲಲ್ಲಿ ಮುಗಿಸ್ತಿದ್ದ. ನಿಜವಾದ ನೋವು ಅಂದ್ರೆ ಏನು ಅಂತ ನಾನು ಹೇಳ್ತೀನಿ ಕೇಳಿ. ಹೋದ ವರ್ಷ ಸೆಪ್ಟೆಂಬರ್ 24, ಪಾಡ್ರೆಸ್ ಮೂರು ಆಟ ಹಿಂದೆ ಇದ್ದು ಮೂರು ಆಟಕ್ಕೆ ನಮ್ಮೂರಿಗೆ ಬಂದಿದ್ರು. ಮೂರೂ ಗೆದ್ರೆ ಸಮ, ಸಮ ಆದ್ರೆ ಹೆಡ್-ಟು-ಹೆಡ್ (ಪರಸ್ಪರ ಆಡಿದ ಆಟಗಳ ಲೆಕ್ಕ) ಅವರ್ದು, ಸಮ ಆದಾಗ ಆಡಿಸ್ತಿದ್ದ 163ನೇ ಆಟ ಅನ್ನೋದನ್ನ 2022ರಿಂದ ತೆಗೆದೇ ಹಾಕಿದಾರಲ್ಲ. ನಮ್ಮ ಆರ್‌ಸಿಬಿ–ಸಿಎಸ್‌ಕೆ 2024 ಮೇ 18 ನೆನಪಿಸ್ಕೊಳ್ಳಿ, ಬರೀ ಗೆದ್ರೆ ಸಾಲ್ದು 18 ರನ್ ಅಂತರ ಬೇಕು ಅಂತ ಉಗುರು ಕಚ್ಕೊಂಡು ಕೂತಿದ್ವಲ್ಲ, ಹಾಗೆ. ಇರ್ವೈನಿಂದ ಐ-5ಲ್ಲಿ ಎರಡು ಗಂಟೆ ಹತ್ತು ನಿಮಿಷ, ಎಂಟರ ಮಗನಿಗೆ ಕಾರಲ್ಲಿ ವಾಂತಿ, ಪಾರ್ಕಿಂಗ್ 35, ಎರಡು ಡಾಡ್ಜರ್ ಡಾಗ್ (ಅಲ್ಲಿನ ಹಾಟ್ ಡಾಗು, ಅವನಿಗೆ, ನನಗಲ್ಲ, ನಾನು ಸಸ್ಯಾಹಾರಿ). ಒಂಬತ್ತನೇದ್ರಲ್ಲಿ 4-2 ಹಿಂದೆ ಇದ್ವಿ, ಔಟೇ ಇಲ್ಲ, ಇಬ್ರು ಬೇಸ್ ಮೇಲೆ, ನಮ್ಮ ರೋಹಾಸ್ ಬ್ಯಾಟಿಂಗು, ಅವನ ಹಿಂದೆ ನಮ್ಮ ಸ್ಟಾರ್ ಒಟಾನಿ ಬ್ಯಾಟ್ ತಿರುಗಿಸ್ತಾ ನಿಂತಿದಾನೆ. ಮಗನ್ನ ಹೆಗಲ ಮೇಲೆ ಎತ್ಕೊಂಡೆ, ಒಟಾನಿ ಬರ್ತಾನೆ ನೋಡು ಅಂತ. ರೋಹಾಸ್ ನೆಲಕ್ಕೆ ಹೊಡೆದ, ಸೀದಾ ಪಾಡ್ರೆಸ್ಸಿನ ಮಚಾಡೊ ಕೈಗೆ. ಮಚಾಡೊ ಹಾಗೇ ಕಾಲು ಮೂರನೇ ಬೇಸಿಗೆ ತಾಗಿಸಿದ, ಎರಡನೇದಕ್ಕೆ ಎಸೆದ, ಅಲ್ಲಿಂದ ಒಂದನೇದಕ್ಕೆ. ಒಂದೇ ಬಾಲಿಗೆ ಮೂರು ಔಟು. ಆಟ ಮುಗೀತು. ಮಗ ಹೆಗಲ ಮೇಲೆ ಕೂತೇ ಕೇಳ್ತಾನೆ, ಒಟಾನಿ ಯಾವಾಗ ಬರ್ತಾನೆ ಪಪ್ಪಾ? ಆಮೇಲೆ ನಮ್ಮೋರು ಬುಧವಾರ 4-3, ಗುರುವಾರ 7-2 ಗೆದ್ದು ಡಿವಿಷನ್ ತಗೊಂಡ್ರು, ಆ ಎರಡೂ ದಿನ ನಾನು ಆಫೀಸಲ್ಲಿ.

ಪೆಟ್ಕೊ ಪಾಟೀಲ:
ಆ ಟ್ರಿಪಲ್ ಪ್ಲೇ ನಾ ಅಲ್ಲೇ ಕುಂತು ನೋಡೀನ್ರಿ! ಸ್ಯಾನ್ ಡಿಯಾಗೊದಿಂದ ನಾಕು ಮಂದಿ ಒಂದ ಕಾರಿನ್ಯಾಗ ಹೋಗಿದ್ವಿ. ಐವತ್ತು ಸಾವಿರ ಮಂದಿ ಒಮ್ಮೆಲೆ ಗಪ್ಪಾದ್ರು ನೋಡ್ರಿ, ಮದುವಿ ಮನ್ಯಾಗ ಕರೆಂಟ್ ಹೋದಂಗ. ಆದ್ರ ಸುಖ ಎಲ್ಲೈತ್ರಿ ನಮಗ. ಹದಿನೈದು ದಿನಕ್ಕ ಅವರ ಕೂಡ ಡಿವಿಷನ್ ಸೀರೀಸು, 2-1 ಮುಂದ ಇದ್ವಿ, ಒಂದ ಒಂದು ಗೆದ್ರ ಸಾಕಿತ್ತು. ನಾಲ್ಕನೇದು 8-0, ಐದನೇದು 2-0. ಕಡೀ 24 ಇನ್ನಿಂಗ್ಸಿನ್ಯಾಗ ಒಂದ ರನ್ ಸೈತ ಆಗ್ಲಿಲ್ರಿ. ನಾಲ್ಕನೇ ಆಟದ ಟಿಕೆಟಿಗೆ 265 ಕೊಟ್ಟಿದ್ದೆ, ಬರೇ ಸೊನ್ನಿ ನೋಡಾಕ. ರೊಕ್ಕದ ಟೀಮು ಅದು. ಒಟಾನಿಗೆ 700 ಮಿಲಿಯನ್ ಅಂತಾರ, ಅದ್ರಾಗ 680 ಆಮ್ಯಾಲ ಕೊಡ್ತೀವಿ ಅಂತಾರ, ಇದೇನು ಕಿರಾಣಿ ಅಂಗಡಿ ಉದ್ರಿ ಏನ್ರಿ?

ಇರ್ವೈನ್ ಬಾಯ್:
ಪಾಟೀಲ್ರೇ, ಮಚಾಡೊಗೆ 350 ಮಿಲಿಯನ್, ಬೊಗಾರ್ಟ್ಸ್‌ಗೆ 280 ಕೊಟ್ಟೋರು ಬಡವರ ಮಾತಾಡ್ಬಾರ್ದು. ಜೈಂಟ್ಸ್ ಅವರೂ ಅಷ್ಟೆ, ಅಡಾಮಿಸ್‌ಗೆ 182 ಕೊಟ್ರು, ಡೆವರ್ಸ್‌ದು 313 ಚಿಲ್ಲರೆ ಮಿಲಿಯನ್ನಿನ ಕಾಂಟ್ರಾಕ್ಟ್ ತಂದು ತಲೆ ಮೇಲೆ ಹೊತ್ಕೊಂಡ್ರು. ದುಡ್ಡು ಎಲ್ರೂ ಸುರೀತಾರೆ, ನಾವು ಗೆಲ್ತೀವಿ, ಅಷ್ಟೇ ವ್ಯತ್ಯಾಸ.

ನಂಬರ್28:
ಮೊದ್ಲು ಆರ್‌ಸಿಬಿನ ಡಾಡ್ಜರ್ಸ್ ಪಕ್ಕ ಇಡೋದು ನಿಲ್ಸಿ. ನಾವು 18 ವರ್ಷ ಕಾದು ಗೆದ್ದೋರು. ಮತ್ತೆ ಡೆವರ್ಸ್ ಬಗ್ಗೆ ಮಾತು ಬೇಡ, ಡೆವರ್ಸ್ ಸರಿ ಇದಾನೆ. ತಪ್ಪು ಆಗಿದ್ದು ಜುಲೈ ಕೊನೇಲಿ. ಡೋವಲ್‌ನ ಯಾಂಕೀಸಿಗೆ ಕೊಟ್ರು, ಟೈಲರ್ ರೋಜರ್ಸ್‌ನ ಮೆಟ್ಸಿಗೇ ಕೊಟ್ರು, ಈಗ ಅದೇ ಮೆಟ್ಸನ್ನ ಓಡಿ ಹಿಡೀಬೇಕಂತೆ. ಇದನ್ನ ಮಾಡಿದ್ದು ನಮ್ಮ ಟೀಮಿನ ಬಾಸ್ ಪೋಸಿ, ಆಡೋವಾಗ ಅವನ ನಂಬರ್ 28, ಅವನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ನನ್ನ ಹೆಸರು ನೋಡಿದ್ರೇ ಗೊತ್ತಾಗತ್ತೆ, ಆದ್ರೂ ಇದನ್ನ ಕ್ಷಮಿಸಕ್ಕಾಗ್ತಿಲ್ಲ. ಬೇಯ್ಲಿ ನೋಡಿ, ಕೀಪಿಂಗ್ ಚಿನ್ನ, ಬ್ಯಾಟು ಬರೀ ಕಟ್ಟಿಗೆ.

ಕ್ಯಾಂಡಲ್‌ಸ್ಟಿಕ್ ಮಾವ:
ಬೇಯ್ಲಿ ಜುಲೈ 8ಕ್ಕೆ ಫಿಲೀಸ್ ಎದುರು ಮೈದಾನದೊಳಗೇ ಓಡಿ ಹೋಮ್ ರನ್ ಮಾಡಿ ಆಟ ಮುಗಿಸಿದ್ದು ಮರೆತ್ರಾ? ನೀವೆಲ್ಲ ನಿನ್ನೆ ಮೊನ್ನೆಯವರು. ನಾನು ಬಂದಿದ್ದು 92ರಲ್ಲಿ. 93ರಲ್ಲಿ ನಾವು 103 ಆಟ ಗೆದ್ವಿ. ನೂರಾ ಮೂರು! ಮನೇಲೇ ಕೂರೋ ಹಾಗಾಯ್ತು. ಕೊನೇ ದಿನ ಅಟ್ಲಾಂಟಾ 104ಕ್ಕೆ ಹೋಯ್ತು, ನಾವು ಲಾಸ್ ಏಂಜಲೀಸಲ್ಲಿ ಡಾಡ್ಜರ್ಸ್ ಕೈಲಿ 12-1 ಒದೆ ತಿಂದ್ವಿ, ಪಿಯಾಜಾ ಒಬ್ಬನೇ ಎರಡು ಹೋಮ್ ರನ್ ಹೊಡೆದ. ಅವತ್ತು ಬಾಲ್ ಕೊಟ್ಟಿದ್ದು ಸ್ಯಾಲೊಮನ್ ಟೊರೆಸ್ ಅನ್ನೋ 21 ವರ್ಷದ ಹುಡುಗನ ಕೈಗೆ. ನಾಲ್ಕು ಜನ ಬ್ಯಾಚುಲರ್ಸ್ ಒಂದು ರೂಮು, ಗರಾಜ್ ಸೇಲಲ್ಲಿ 20 ಡಾಲರಿಗೆ ತಂದ ಟಿವಿ, ಅದಕ್ಕೆ ಹ್ಯಾಂಗರ್ ಕಂಬಿ ಸಿಗಿಸಿ ಆಂಟೆನಾ, ಕುಕ್ಕರಲ್ಲಿ ಇಟ್ಟಿದ್ದ ಬೇಳೆ ಸೀದು ಹೋಗಿದ್ದೂ ಗೊತ್ತಾಗ್ಲಿಲ್ಲ. ವೈಲ್ಡ್ ಕಾರ್ಡು ಆಗ ಇರ್ಲಿಲ್ಲ. ಈಗ ಅರ್ಧಕ್ಕರ್ಧ ಗೆದ್ದೋರಿಗೂ ಬಾಗಿಲು ತೆಗೆದಿಟ್ಟಿದಾರೆ, ಅದಕ್ಕೇ ಇವತ್ತಿನ ಸೆಪ್ಟೆಂಬರಿಗೆ ಉಪ್ಪಿಲ್ಲ ಖಾರ ಇಲ್ಲ.

ಪೆಟ್ಕೊ ಪಾಟೀಲ:
ಮಾಮಾ, ಆ ಬಾಗಿಲ ಇಲ್ಲಂದ್ರ ನಿಮ್ಮ ಜೈಂಟ್ಸಿಗೆ ಈ ವಾರ ಆಡಾಕ ಕಾರಣಾನ ಇರ್ತಿರ್ಲಿಲ್ಲ.

ಕ್ಯಾಂಡಲ್‌ಸ್ಟಿಕ್ ಮಾವ:
ಅದನ್ನೇ ಹೇಳ್ತಿರೋದು ನಾನೂ!! ಓದೋದು ಕಲೀರಿ ಮೊದ್ಲು.

ಬೆಳ್ಳುಳ್ಳಿ ಫ್ರೈಸ್ ಅಕ್ಕ:
ಪಾಪ ಆ ಹುಡುಗ ಏನ್ ಕೇಳ್ದ ನೀವೇನ್ ಹೇಳ್ತಿದೀರಿ. ಸೀನ, ನಂದು ಕೇಳಪ್ಪ. 2021 ಸೆಪ್ಟೆಂಬರ್ 3, ಇದೇ ಎರಡು ಟೀಮು, ಎರಡೂ ಸಮ ಇದ್ದಾಗ. ನಮ್ಮತ್ತೆ ನಮ್ಮ ಜೊತೇಲೇ ಇರೋದು, ಕರ್ಕೊಂಡ್ ಹೋದೆ. ಸನ್ನಿವೇಲಲ್ಲಿ ಬೆವರು ಇಳೀತಿತ್ತು ಅಂತ ತೆಳ್ಳಗಿನ ಹತ್ತಿ ಸೀರೆ ಉಟ್ಕೊಂಡು ಬಂದ್ರು, ನಾನೂ ಸುಮ್ನಿದ್ದೆ. ನಾಲ್ಕನೇ ಇನ್ನಿಂಗ್ಸಿಗೆ ಸಮುದ್ರದ ಕಡೆಯಿಂದ ಗಾಳಿ ಶುರುವಾಯ್ತು ನೋಡು, ಹಲ್ಲು ಕಟಕಟ. ಅಲ್ಲೇ ಅಂಗಡೀಲಿ ಒಂದು ಹುಡಿ (ಟೋಪಿ ಇರೋ ಸ್ವೆಟರು) 95 ಡಾಲರ್, ಒಂದು ಹೊದಿಕೆ 60. ಆರೆಂಜ್ ಹುಡಿ ಸೀರೆ ಮೇಲೆ ಹಾಕ್ಕೊಂಡು ಕೂತಿದ್ರು, ಈಗ ಅದೇ ಹುಡೀಲಿ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ ಬಿಡು. ಊಟ ಒಳಗೆ ಬಿಡ್ತಾರೆ, ಪುಳಿಯೋಗರೆ ಜಿಪ್‌ಲಾಕ್ ಕವರಲ್ಲಿ ತಗೊಂಡ್ ಹೋಗು, ಬೆಳ್ಳುಳ್ಳಿ ಫ್ರೈಸ್ ಒಂದೇ ತಗೋ, ಹಂಚ್ಕೊಳ್ಳಿ, ಎರಡನೇದು ಯಾರೂ ತಿನ್ನಲ್ಲ, ಟ್ರೇನಲ್ಲಿ ನಿಮ್ಮ ಪಕ್ಕಾನೂ ಯಾರೂ ಕೂರಲ್ಲ. ಆಮೇಲೆ ಆಟ 11 ಇನ್ನಿಂಗ್ಸ್ ಎಳೀತು, 3-2 ನಾವೇ ಗೆದ್ವಿ, ಆದ್ರೆ ಫೋರ್ತ್ ಅಂಡ್ ಕಿಂಗ್ ಸ್ಟೇಷನ್ನಲ್ಲಿ ಜಾತ್ರೆ. ಮೌಂಟನ್ ವ್ಯೂವರೆಗೂ ನಮ್ಮತ್ತೆ ಕಂಬ ಹಿಡ್ಕೊಂಡು ನಿಂತು ಬಂದ್ರು, ಒಂದು ವಾರ ಕಾಲು ಊದಿತ್ತು, ಅದನ್ನ ನಮ್ಮ ನಾದಿನೀಗೆ ಫೋನಲ್ಲಿ ಹೇಳಿದ್ದು ಬೇರೆ. ಅದಕ್ಕೇ ಹೇಳ್ತಿದೀನಿ, ಒಂಬತ್ತು ಮುಗಿದು ಸಮ ಇದ್ರೆ ಹಿಂದೆ ಮುಂದೆ ನೋಡ್ಬೇಡ, ಎದ್ದು ಸ್ಟೇಷನ್ ಕಡೆ ನಡಿ. ಹತ್ತು ನಿಮಿಷ ಮುಂಚೆ ಹೊರಟ್ರೆ ಸೀಟು ಸಿಗತ್ತೆ.

ನಂಬರ್28:
ಒಂಬತ್ತು ಮುಗಿದು ಸಮ ಇದ್ರೆ ಎದ್ದು ಹೋಗೋದಾ?? ಸೆಪ್ಟೆಂಬರಲ್ಲಿ? ಡಾಡ್ಜರ್ಸ್ ಎದುರು? ಅಕ್ಕ, ಇದಕ್ಕಿಂತ ಕೆಟ್ಟ ಸಲಹೆ ನಾನು ಜನ್ಮದಲ್ಲಿ ಕೇಳಿಲ್ಲ. ಎರಡನೇ ಬೇಸಲ್ಲಿ ಪುಕ್ಸಟ್ಟೆ ರನ್ನರ್ ನಿಲ್ಲಿಸ್ತಾರೆ, ಅರ್ಧ ಗಂಟೇಲಿ ಮುಗಿಯತ್ತೆ.

ಬೆಳ್ಳುಳ್ಳಿ ಫ್ರೈಸ್ ಅಕ್ಕ:
ನೀವು ಆಟಕ್ಕೇ ಹೋಗ್ಬೇಡಿ ಅಂದೋರು, ಯಾವಾಗ ಎದ್ದು ಬರ್ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು? ಊದಿದ್ದು ನಿಮ್ಮತ್ತೆ ಕಾಲಲ್ವಲ್ಲ.

ಕ್ಯಾಂಡಲ್‌ಸ್ಟಿಕ್ ಮಾವ:
ಆ ರನ್ನರ್ ಒಂದು ನಾಚಿಕೆಗೇಡು. ನಮ್ಮ ಕಾಲದಲ್ಲಿ ಹದಿನೈದು ಇನ್ನಿಂಗ್ಸ್ ಆದ್ರೂ ಬೆವರು ಹರಿಸೇ ರನ್ ಮಾಡ್ಬೇಕಿತ್ತು. ಮತ್ತೆ ಈಗಿನ ಗಾಳಿ ಗಾಳೀನೇನಮ್ಮಾ, ಜೈಂಟ್ಸಿನ ಹಳೇ ಸ್ಟೇಡಿಯಂ ಕ್ಯಾಂಡಲ್‌ಸ್ಟಿಕ್‌ಗೆ ಬಂದಿದ್ರೆ ಗೊತ್ತಾಗ್ತಿತ್ತು, ಹಾಟ್ ಡಾಗ್ ಕಾಗದ ಮುಖಕ್ಕೆ ಬಂದು ಬಡೀತಿತ್ತು.

ಸನ್ನಿವೇಲ್ ಸೀನ:
ಎಲ್ರಿಗೂ ಥ್ಯಾಂಕ್ಸ್, ಆದ್ರೆ ಯಾವ ದಿನ ಅಂತ ಒಬ್ರೂ ಹೇಳ್ಲಿಲ್ಲ 🙂

ಇರ್ವೈನ್ ಬಾಯ್:
ಶುಕ್ರವಾರಾನೇ, ಇದ್ರಲ್ಲಿ ಕೇಳೋದೇನಿದೆ, ಯಮಮೊಟೊ ಹೋದ ಶನಿವಾರ ಬಾಲ್ಟಿಮೋರಲ್ಲಿ ನೋ-ಹಿಟ್ಟರ್‌ಗೆ (ಇಡೀ ಆಟದಲ್ಲಿ ಒಂದೂ ಹಿಟ್ ಕೊಡದೇ ಇರೋದು) ಒಂದೇ ಔಟ್ ಬಾಕಿ ಇದ್ದಾಗ ಜ್ಯಾಕ್ಸನ್ ಹಾಲಿಡೇ ಕೈಲಿ ಹೋಮ್ ರನ್ ತಿಂದ, ಸರಿ ಬಿಡು ಅಂದ್ಕೊಂಡ್ರೆ ಬುಲ್‌ಪೆನ್ನಿನ ಬದಲಿ ಬೌಲರ್‌ಗಳು ಬಂದು ಆಟಾನೇ 4-3 ಸೋತ್ರು, ನಾನು ಟಿವಿ ರಿಮೋಟ್ ಎಸೆದು ಅದರ ಬ್ಯಾಟರಿ ಮುಚ್ಚಳ ಇನ್ನೂ ಸಿಕ್ಕಿಲ್ಲ. ಅವನು ಕೋಪದಲ್ಲಿ ಬರ್ತಾನೆ. ನಿಮ್ಮೋರು ಬ್ಯಾಟ್ ಮುಟ್ಟಿಸಿದ್ರೆ ಹೇಳಿ.

ಸನ್ನಿವೇಲ್ ಸೀನ:
ಸರಿ, ಶುಕ್ರವಾರದ್ದು ತಗೊಂಡೆ, ವ್ಯೂ ಲೆವೆಲ್ (ಮೇಲಿನ ಅಂತಸ್ತು), ಮೂರೂ ಸೇರಿ 288. ಭಾನುವಾರದ್ದು ಬ್ಲೀಚರ್ಸಲ್ಲಿ (ಬೌಂಡರಿ ಹಿಂದಿನ ಬೆಂಚುಗಳು) ಮಾತ್ರ ಬಜೆಟ್ಟಿಗೆ ಬರ್ತಿತ್ತು, ಅಲ್ಲಿ ಬಿಸಿಲು ಸೀದಾ ಮುಖಕ್ಕೆ.

ಸನ್ನಿವೇಲ್ ಸೀನ (ಶನಿವಾರ ಬೆಳಿಗ್ಗೆ):
ಹೋಗ್ಬಂದ್ವಿ. ಅಪ್ಪ ಮಂಕಿ ಕ್ಯಾಪ್ ಹಾಕ್ಕೊಂಡಿದ್ರು, ಮುಂದಿನ ಸಾಲಿನ ಹುಡುಗರು ಸೆಲ್ಫಿ ತಗೊಂಡ್ರು. ಅಮ್ಮ ಬಂದ ತಕ್ಷಣ ಹೊರಗೆ ಹೋಗೋ ಗೇಟು ಎಲ್ಲಿದೆ ಅಂತ ನೋಡಿಟ್ಕೊಂಡು ಆಮೇಲೇನೇ ಕೂತಿದ್ದು, ಆದ್ರೆ ಮೂರನೇ ಇನ್ನಿಂಗ್ಸಿಗೆ ಪಕ್ಕದವರಿಗೆ ಪುಳಿಯೋಗರೆ ಕೊಡ್ತಿದ್ರು. ಯಮಮೊಟೊ ಏಳು ಇನ್ನಿಂಗ್ಸಲ್ಲಿ ಒಂದೇ ಒಂದು ಹಿಟ್ ಕೊಟ್ಟ. ಅಪ್ಪ ಕೇಳ್ತಿದ್ರು, ಇವರು ಯಾರೂ ಹೊಡೆಯೋದೇ ಇಲ್ವಾ, ಇದಕ್ಕಾ ಸುಮಾರು ನೂರು ಡಾಲರು? 42 ವರ್ಷದ ವರ್ಲ್ಯಾಂಡರ್ ಮಾತ್ರ ಅವರಿಗೆ ತುಂಬ ಹಿಡಿಸಿದ. ಒಂಬತ್ತು ಮುಗೀತು, 1-1. ಅಪ್ಪ ಮಂಡಿ ಉಜ್ಜಿಕೊಳ್ತಿದ್ರು. ಅಕ್ಕ ಹೇಳಿದ್ದು ನೆನಪಾಯ್ತು, ಎದ್ವಿ. ಸ್ಟೇಷನ್ ಬಾಗಿಲ ಹತ್ರ ಬಂದಿದ್ವಿ, ಹಿಂದಿನಿಂದ ಒಂದು ಸದ್ದು ಬಂತು ನೋಡಿ, ಸದ್ದು ಅಲ್ಲ ಅದು, ಕಾಲ ಕೆಳಗಿನ ಫುಟ್‌ಪಾತೇ ಅದುರಿದ ಹಾಗಾಯ್ತು. ಅಪ್ಪ ನಿಂತು ತಿರುಗಿ ನೋಡಿದ್ರು. ಯಾರೋ ಔಟಾದ್ರೇನೋ ಅಂದ್ರು. ಫೋನ್ ತೆಗೆದೆ. ಹತ್ತನೇ ಇನ್ನಿಂಗ್ಸು, ಡಾಡ್ಜರ್ಸಿನ ಟ್ಯಾನರ್ ಸ್ಕಾಟ್ ಹಾಕಿದ್ದು, ಬೇಸೆಲ್ಲ ತುಂಬಿತ್ತು, ಬೇಯ್ಲಿ ಬೇಲಿ ದಾಟಿಸಿಬಿಟ್ಟಿದ್ದ. ಒಂದೇ ಹೊಡೆತಕ್ಕೆ ನಾಲ್ಕು ರನ್, 5-1.

ಇರ್ವೈನ್ ಬಾಯ್:
ಸ್ಕಾಟ್ ಬಗ್ಗೆ ಯಾರೂ ಮಾತಾಡ್ಬೇಡಿ. 72 ಮಿಲಿಯನ್.

ನಂಬರ್28:
ನನ್ನ ಗಂಟಲು ಹೋಗಿದೆ, ಅದಕ್ಕೇ ಟೈಪ್ ಮಾಡ್ತಿದೀನಿ. ಬಾಲ್ ಎಡಗಡೆ ಬೀಳೋದನ್ನ ನಾನು ಕಣ್ಣಾರೆ ನೋಡ್ದೆ. ಬೇಯ್ಲಿ ಬ್ಯಾಟ್ ಬಗ್ಗೆ ಏನಾದ್ರೂ ಹೇಳಿದ್ರೆ ವಾಪಸ್ ತಗೊಂಡಿದೀನಿ.

ಪೆಟ್ಕೊ ಪಾಟೀಲ:
ಕಣ್ಣಾರೆ ಅಂದ್ರ? ಡಾಡ್ಜರ್ಸ್ ಆಟಕ್ಕ ರೊಕ್ಕ ಹಾಕಬ್ಯಾಡ್ರಿ ಅಂದವ್ರು ನೀವ ಅಲ್ಲೇನ್ರಿ? ಎಷ್ಟಾತು?

ನಂಬರ್28:
ಪಾರ್ಕಿಂಗ್ ಸೇರಿ 196. ಹೆಂಡ್ತಿಗೆ ಹೇಳಿಲ್ಲ.

ಬೆಳ್ಳುಳ್ಳಿ ಫ್ರೈಸ್ ಅಕ್ಕ:
ಸೀನ, ಟ್ರೇನಲ್ಲಿ ಸೀಟಂತೂ ಸಿಕ್ತಲ್ಲ?