ಶೋನಾ ಮತ್ತು ಟರ್ಕಿಶ್: ಯಾವುದರ ಉಪಭಾಷೆಗಳ ನಡುವೆ ಅಂತರ ಹೆಚ್ಚು?

ಪ್ರಶ್ನೆ

ಜಿಂಬಾಬ್ವೆಯ ಶೋನಾ ಮತ್ತು ಟರ್ಕಿಯ ಟರ್ಕಿಶ್ ಬೇರೆ ಬೇರೆ ಕುಲದ ಭಾಷೆಗಳಾದರೂ ಎರಡೂ ಪ್ರತ್ಯಯಗಳನ್ನು ಸಾಲಾಗಿ ಜೋಡಿಸಿ ಪದ ಕಟ್ಟುತ್ತವೆ. ಎರಡರ ಇಂದಿನ ಬರಹರೂಪವೂ ಕಳೆದ ಶತಮಾನದಲ್ಲಿ ಲ್ಯಾಟಿನ್ ಲಿಪಿಯಲ್ಲಿ ನೆಲೆಗೊಂಡಿತು. ಯಾವುದರ ಉಪಭಾಷೆಗಳು ಪರಸ್ಪರ ಹೆಚ್ಚು ದೂರ ಸರಿದಿವೆ ಎಂಬುದನ್ನು ಪ್ರಬಂಧವೊಂದಕ್ಕಾಗಿ ತಿಳಿಯಬೇಕಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಅಂತರವನ್ನು ಎಲ್ಲಿಂದ ಅಳೆಯುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಶಿಷ್ಟ ಟರ್ಕಿಶ್‌ಗೆ ಇಸ್ತಾಂಬುಲ್‌ನ ವಿದ್ಯಾವಂತರ ಮಾತೇ ತಳಹದಿ. 1928ರ ಹೊಸ ಲಿಪಿಯೂ ಅದನ್ನೇ ಅನುಸರಿಸಿತು. ಶೋನಾ ಸೀಮೆಯಲ್ಲಿ ಹಾಗಾಗಲಿಲ್ಲ. ಕರಂಗ, ಜೆಜುರು, ಮನ್ಯಿಕಾ, ಕೊರೆಕೊರೆ, ನ್ದಾವುಗಳನ್ನು ಶೋನಾದ ಉಪಭಾಷೆಗಳೆಂದು ಎಣಿಸುವುದುಂಟು. ಮಾರ್ಗೆನ್‌ಸ್ಟರ್‌ನ ಡಚ್ ರಿಫಾರ್ಮ್ಡ್ ಮಿಷನ್ ಕರಂಗವನ್ನು, ಚಿಶವಾಶದ ಜೆಸ್ಯೂಟರು ಜೆಜುರುವನ್ನು, ಮೌಂಟ್ ಸೆಲಿಂಡಾದ ಅಮೆರಿಕನ್ ಮಿಷನರಿಗಳು ನ್ದಾವುವನ್ನು ತಮಗೆ ತೋಚಿದ ಕಾಗುಣಿತದಲ್ಲಿ ಬರೆಯುತ್ತಿದ್ದರು. ಈ ಗೊಂದಲವನ್ನು ಬಗೆಹರಿಸಲು ಸರ್ಕಾರ ನೇಮಿಸಿದ ಭಾಷಾವಿಜ್ಞಾನಿ ಕ್ಲೆಮೆಂಟ್ ಡೋಕ್ ಅವರು, ವ್ಯಾಕರಣಕ್ಕೆ ಕರಂಗ ಮತ್ತು ಜೆಜುರುಗಳನ್ನು ಆಧಾರವಾಗಿಟ್ಟುಕೊಂಡು, ಪದಗಳನ್ನು ಮನ್ಯಿಕಾ, ನ್ದಾವುಗಳಿಂದಲೂ ಸೇರಿಸಿಕೊಳ್ಳಬೇಕೆಂದು 1931ರ ವರದಿಯಲ್ಲಿ ಸೂಚಿಸಿದರು. ಕೊರೆಕೊರೆಯ ಪದಗಳಿಗೆ ಮಾತ್ರ ಅಷ್ಟು ಮನ್ನಣೆ ಸಿಗಲಿಲ್ಲ. ಹೀಗಾಗಿ ಶಿಷ್ಟ ಶೋನಾ ಯಾವ ಒಂದು ಊರಿನ ಮನೆಮಾತೂ ಅಲ್ಲ.

ಉತ್ತರ 2

ಮೇಲಿನ ಮಾತಿಗೆ ಒಂದು ಧ್ವನಿಯ ಉದಾಹರಣೆ ಕೊಡುತ್ತೇನೆ. ನಾವು ವರ್ಣಮಾಲೆಯಲ್ಲಿ ಕಲಿತು ಬಿಡಿಯಾಗಿ ಎಲ್ಲಿಯೂ ಬಳಸದ ‘ಙ’ ಟರ್ಕಿಯ ಏಷ್ಯಾ ಭಾಗವಾದ ಅನಟೋಲಿಯಾದ ಅನೇಕ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದ್ದು, ಸಮುದ್ರಕ್ಕೆ ಇಸ್ತಾಂಬುಲ್‌ನವರು ‘ದೆನಿಜ್’ ಎಂದರೆ ಅಲ್ಲಿನವರು ‘ದೆಙಿಜ್’ ಎನ್ನುತ್ತಾರೆ. ಇಸ್ತಾಂಬುಲ್‌ನ ನುಡಿಯಲ್ಲಿ ಅದು ಅಳಿದಿದ್ದರಿಂದ 1928ರ ಲಿಪಿಯಲ್ಲಿ ಅದಕ್ಕೆ ಅಕ್ಷರವೇ ಸಿಗಲಿಲ್ಲ. ಅದೇ ಧ್ವನಿಗೆ ಡೋಕ್ ಶೋನಾದಲ್ಲಿ ಪ್ರತ್ಯೇಕ ಅಕ್ಷರ ಕೊಟ್ಟರು. 1955ರಲ್ಲಿ ಅವರ ವಿಶೇಷ ಅಕ್ಷರಗಳನ್ನು ಕೈಬಿಟ್ಟ ಮೇಲೂ ನಾಟಿವೈದ್ಯ ಎಂಬರ್ಥದ ‘ಙಂಗ’ವನ್ನು ಎನ್ ಅಕ್ಷರದ ಪಕ್ಕಕ್ಕೊಂದು ಚಿಹ್ನೆಯಿಟ್ಟು ಬರೆಯುತ್ತಾರೆ.

ಉಳಿದಂತೆ, ಟ್ರಾಬ್ಜೋನ್ ಕಡೆ ‘ಗೆಲ್ದಿ’ (ಬಂದನು) ‘ಜೆಲ್ದಿ’ ಆಗುತ್ತದೆ, ಮಧ್ಯ ಅನಟೋಲಿಯಾದಲ್ಲಿ ‘ಕಿಜ್’ (ಹುಡುಗಿ) ‘ಗಿಜ್’ ಆಗುತ್ತದೆ. ಶೋನಾದ ‘ವನ್ಹು’ (ಜನರು) ಎಂಬುದರ ಮೊದಲ ಧ್ವನಿಯನ್ನು ಮನ್ಯಿಕಾದವರು ತುಟಿ ದುಂಡಾಗಿಸಿ ನುಡಿಯುತ್ತಾರೆ, ನಮ್ಮ ಲಿಪಿಯಲ್ಲಾದರೋ ಎರಡಕ್ಕೂ ‘ವ’ಕಾರವೇ ಗತಿ.

ಉತ್ತರ 3

ಮೊದಲ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಟರ್ಕಿಶ್ ಇಸ್ತಾಂಬುಲ್ ಒಂದನ್ನೇ ನೆಚ್ಚಿತು ಎಂದು ಬರೆಯಬೇಡಿ. 1932ರಲ್ಲಿ ಹುಟ್ಟಿದ ಟರ್ಕಿಶ್ ಭಾಷಾ ಸಂಸ್ಥೆಯು ಅರಬಿ, ಪಾರಸಿ ಪದಗಳಿಗೆ ಬದಲಿ ಹುಡುಕುತ್ತಾ ಹಳ್ಳಿಗಳ ನುಡಿಯನ್ನು ಜಾಲಾಡಿತು; ಆ ಸಂಗ್ರಹ ಮುಂದೆ 12 ಸಂಪುಟಗಳ ಕೋಶವಾಯಿತು. ಪದಗಳು ಹಳ್ಳಿಯಿಂದ ಬಂದವು, ಉಚ್ಚಾರಣೆ ಬರಲಿಲ್ಲ.

ಇನ್ನು ನ್ದಾವುವನ್ನು ಉಪಭಾಷೆಗಳ ಪಟ್ಟಿಯಲ್ಲಿ ಇಡುವುದೇ ಚರ್ಚಾಸ್ಪದ. ಜುಲು ಮೊದಲಾದ ನ್ಗುನಿ ನುಡಿಗಳ ಸಂಪರ್ಕದಿಂದ ಅದಕ್ಕೆ, ನಾಲಿಗೆ ಲೊಚಗುಟ್ಟಿಸಿ ಹೊರಡಿಸುವ ಕ್ಲಿಕ್ ಧ್ವನಿಗಳೂ ಬಂದಿದ್ದು, ಜಿಂಬಾಬ್ವೆಯ 2013ರ ಸಂವಿಧಾನ ಅದನ್ನು 16 ಅಧಿಕೃತ ಭಾಷೆಗಳಲ್ಲಿ ಶೋನಾದಿಂದ ಪ್ರತ್ಯೇಕವಾಗಿ ಹೆಸರಿಸಿದೆ. ಅದನ್ನು ಸೇರಿಸಿಕೊಂಡರೆ ಶೋನಾದ ಅಂತರವೇ ಹೆಚ್ಚೆಂದು ತೋರುತ್ತದೆ, ಬಿಟ್ಟರೆ ಅಷ್ಟು ಖಚಿತವಾಗಿ ಹೇಳಲಾಗದು. ಯಾವ ಪಟ್ಟಿಯನ್ನು ಆಧರಿಸಿದ್ದೀರಿ ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ನಮೂದಿಸುವುದು ಒಳಿತು.