ಪದಚರ್ಚೆ: ಬೀರಿನ ರುಚಿಗೆ 'ಡ್ರೈ' ಅಂದ್ರ ಕನ್ನಡದಾಗ ಏನನ್ಬೇಕ್ರಿ? ಜೊತಿಗೆ ಕಾಕವಿ, ಕಾಕಂಬಿ, ಮನೂಕ

ಎಲ್ಲಾರಿಗೂ ನಮಸ್ಕಾರ್ರಿ.

ಬೀರು, ವೈನ್ ಬಗ್ಗೆ ಮಾತಾಡುವಾಗ 'ಡ್ರೈ' ಅಂತಾರಲ್ಲ, ಅಂದ್ರ ಬಾಯಾಗ ಸಿಹಿ ಉಳಿಲಾರದ್ದು, ಅದಕ್ಕ ಕನ್ನಡದಾಗ ಜನರ ಬಾಯಾಗ ತಾನಾಗೇ ಬರೋ ಮಾತು ಯಾವುದರ ಐತೇನ್ರಿ? ಡಿಕ್ಷನರಿ ಪದ ಬ್ಯಾಡ, 'ಶುಷ್ಕ' ನನಗೂ ಗೊತ್ತೈತಿ. ಕೇಳೋ ಕಾರಣ ಏನಂದ್ರ ನಮ್ಮ ಅಕ್ಕನ ಮಗ ಬೆಲ್ಜಿಯಮ್‌ನ ಲ್ಯೂವೆನ್‌ದಾಗ ಓದ್ತಾನ, ಅಲ್ಲಿ ಒಂದು ಸಣ್ಣ ಬ್ರೂವರಿಯ ಕರಿ ಬಣ್ಣದ ಸ್ಟ್ರಾಂಗ್ ಏಲ್ ಅನ್ನೋ ಜಾತಿ ಬೀರಿನ ಬಗ್ಗೆ ಒಂದು ಬರಹ ಬರದು ನನಗ ತಿದ್ದಾಕ ಕಳಿಸ್ಯಾನ, ಮೊದಲು ಇಂಗ್ಲಿಷ್‌ನ್ಯಾಗ ಬರದು ಆಮ್ಯಾಲೆ ಫೋನಿನ್ಯಾಗಿನ ಟ್ರಾನ್ಸ್‌ಲೇಟರ್‌ಗೆ ಕೊಟ್ಟಾನ ಅಂತ ಕಾಣತೈತಿ, ಯಾಕಂದ್ರ ಅದರಾಗ 'ಡ್ರೈ ಫಿನಿಶ್'ಗೆ, ಅಂದ್ರ ನುಂಗಿದ ಮ್ಯಾಲೆ ಬಾಯಾಗ ಸಿಹಿ ಉಳಿಲಾರದ್ದಕ್ಕ, 'ಒಣ ಮುಕ್ತಾಯ' ಅಂತೈತಿ. ಒಣ ಮುಕ್ತಾಯ! ಕಲೆಕ್ಷನ್ ಆಗಲಾರದ ನಾಟಕ ಕಂಪನಿ ಕ್ಯಾಂಪ್ ಎತ್ತಿದಂಗ ಕೇಳಸ್ತೈತಿ. ಅದರ ಮ್ಯಾಲೆ ಹೆಡ್ಡಿಂಗ್ ಬ್ಯಾರೆ 'ಮಠದ ಬೀರು' ಅಂತ ಇಟ್ಟಾನ. ಬೆಳಗಾವಿ ಬಾಗಲಕೋಟಿ ಕಡೆ ಆ ಹೆಡ್ಡಿಂಗ್ ಓದಿದವರು ಮುಂದಿನ ಸಾಲಿಗೆ ಹೋಗೋದಿಲ್ಲ, ಸೀದಾ ಬರದವನ ಮನಿ ಎಲ್ಲೈತಿ ಅಂತ ಕೇಳ್ತಾರ. ಅದನ್ನಂತೂ ತಗದು ಹಾಕೇನಿ. ಹಂಗ ನೋಡಿದ್ರ ಅದು ತಪ್ಪೂ ಹೌದು, ಅಲ್ಲಿ ಮಠದ ಬೀರು ಅಂದ್ರ ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಸನ್ಯಾಸಿಗಳದು, ಟ್ರಾಪಿಸ್ಟ್ ಅಂತ ಕರಸ್ಕೋಬೇಕಂದ್ರ ಬೀರು ಆ ಸನ್ಯಾಸಿಗಳ ಮಠದ ಆವರಣದಾಗ ಅವರ ಉಸ್ತುವಾರಿಯೊಳಗೇ ಆಗಬೇಕು, ಈ ಸಣ್ಣ ಬ್ರೂವರಿಯವರು ಮಠದವರಲ್ಲ, ಬರೇ ಆ ಪದ್ಧತಿ ಹಿಡದು ಮಾಡ್ತಾರ.

ರಜಾಕ್ಕ ಬಂದಾಗ ಬಾಟ್ಲಿ ಸುದ್ದಾ ತಂದಿದ್ದ, ಎರಡು ಲೀಟರ್ ತನಕ ಕಸ್ಟಮ್ಸ್‌ನವರು ಸುಂಕ ಇಲ್ಲದ ಬಿಡ್ತಾರ, ಹಂಗಾಗಿ ಕೇಳಿದ ಮಾತು ಬರಿಯಾಕತ್ತಿಲ್ಲ, ರುಚಿ ನೋಡೇ ಬರಿಯಾಕತ್ತೀನಿ. ಶಾಂಪೇನ್ ಥರ ದಪ್ಪ ಗಾಜು, ಬೂಚಿನ ಮ್ಯಾಲೆ ತಂತಿ ಕಟ್ಟಿದ್ದು, ಲೇಬಲ್ ಮ್ಯಾಲೆ ಆಲ್ಕೋಹಾಲ್ 10 ಪರ್ಸೆಂಟ್. ಫ್ರಿಜ್‌ನಿಂದ ತಗದು ಒಂದಿಷ್ಟು ಹೊತ್ತು ಹೊರಗಿಡಬೇಕು, 10ರಿಂದ 14 ಡಿಗ್ರಿ ಇದ್ರ ಚಲೋ, ಮಂಜಿನಂಗ ತಣ್ಣಗ ಕುಡದ್ರ ಅರ್ಧ ವಾಸನಿ ಮುಚ್ಚಿ ಹೋಗತೈತಿ. ಸುರದ ಮ್ಯಾಲೆ ಬುರುಗು ಬಿಳಿ ಅಲ್ಲ, ಹಾಲು ಹಾಕಿದ ಚಹಾದ ಬಣ್ಣ, ಲಗೂನ ಇಳಿಯಂಗಿಲ್ಲ, ಒಂದು ಗುಟುಕು ಕುಡದು ಇಟ್ರ ಗ್ಲಾಸಿನ ಒಳಗಿನ ಗೋಡಿಗೆ ತೂತು ತೂತು ಜಾಳಗಿ ಆಗಿ ಅಂಟ್ಕೊಂಡಿರತೈತಿ. ಬೀರು ನೋಡಾಕ ಕಪ್ಪು, ಆದ್ರ ಕಿಡಕಿ ಕಡೆ ಹಿಡದ್ರ ಅಂಚಿನ್ಯಾಗ ಕೆಂಪು ಹೊಳಿತೈತಿ. ಅದಕ್ಕ ಅಂವ 'ಕತ್ತಲೆ ಬಣ್ಣ' ಅಂತ ಬರದಾನ, ನಾ 'ಕರಿಗೆಂಪು' ಮಾಡೇನಿ, ಇದರ ಬಗ್ಗೆ ತಕರಾರು ಇರಲಿಕ್ಕಿಲ್ಲ ಅನ್ಕೊಂಡೀನಿ.

ಮೂಗಿಗೆ ಮೊದಲು ಬರೋದು ಕಳತ ಬಾಳಿಹಣ್ಣು, ಅದರ ಹಿಂದ ಲವಂಗ. ಎರಡನ್ನೂ ಯಾರೂ ಹಾಕಿರೂದಿಲ್ಲ, ಬೀರು ಹುದುಗಿಸೋ ಈಸ್ಟೇ ಮಾಡತೈತಿ, ಬಾಳಿಹಣ್ಣಿನ ವಾಸನಿ ಐಸೊಅಮೈಲ್ ಅಸಿಟೇಟ್ ಅನ್ನೋ ಎಸ್ಟರ್‌ (ಹಣ್ಣಿನ ವಾಸನಿ ಕೊಡೋ ರಾಸಾಯನಿಕ)ನಿಂದ, ಲವಂಗದ್ದು 4-ವಿನೈಲ್ ಗ್ವಾಯಕಾಲ್‌ನಿಂದ, ಇದು ಖರೇ ಲವಂಗದಾಗಿರೋ ಯೂಜಿನಾಲ್‌ನ ಬಳಗದ್ದೇ. ಇಲ್ಲಿ ಪದದ ತೊಂದ್ರಿ ಇಲ್ಲ, ಬಾಳಿಹಣ್ಣು ಅಂದ್ರ ಬಾಳಿಹಣ್ಣು. ತೊಂದ್ರಿ ಶುರು ಆಗೋದು ಆಮ್ಯಾಲೆ.

ಈ ಬೀರಿನ ಬಣ್ಣ ಬಹುತೇಕ ಹುರದ ಕಾಳಿಂದ ಬಂದಿದ್ದಲ್ಲ, ಕ್ಯಾಂಡಿ ಸಿರಪ್‌ನಿಂದ ಬಂದಿದ್ದು. ಬೀಟ್ ಸಕ್ಕರಿಯನ್ನ ಕರ್ರಗ ಆಗೋ ತನಕ ಕಾಸಿ ಮಾಡಿದ ಪಾಕ. ಹುಡುಗನ ಬರಹದಾಗ ಇದು 'ಕಪ್ಪು ಮಿಠಾಯಿ ಸಿರಪ್' ಆಗೇತಿ. ನಾ ಮೊದಲು 'ಕಾಕವಿ' ಹಾಕೋಣಂತ ವಿಚಾರ ಮಾಡಿದೆ, ಆದ್ರ ಕಾಕವಿ ಅಂದ್ರ ನಮ್ಮ ಕಡೆ, ಮರಾಠಿಯವರಿಗೂ ಅಷ್ಟ, ಗಾಣದಾಗ ಕಬ್ಬಿನ ಹಾಲು ಕಾಯ್ಸಿ ಗಟ್ಟಿ ಬೆಲ್ಲ ಆಗೋಕ್ಕಿಂತ ಮೊದಲು, ಸುಮಾರು 105 ಡಿಗ್ರಿ ಆದಾಗ ಇಳಿಸಿಕೊಳ್ಳೋದು, ಅಚ್ಚಿಗೆ ಹಾಕೋ ಬೆಲ್ಲಕ್ಕ 118ರ ಆಸುಪಾಸು ತನಕ ಹೋಗಬೇಕು. ಮಲೆನಾಡಿನವರು ಇದನ್ನ ಜೋನಿ ಬೆಲ್ಲ ಅಂತಾರ. 'ಕಾಕಂಬಿ' ಪೂರ್ತಿ ಬ್ಯಾರೆ, ಅದು ಫ್ಯಾಕ್ಟರಿಯೊಳಗ ಸಕ್ಕರಿ ಹರಳು ತಗದ ಮ್ಯಾಲೆ ಉಳಿಯೋ ಕರಿ ದ್ರವ, ಅದರಿಂದ ಸ್ಪಿರಿಟ್ ತಗೀತಾರ, ಅಬಕಾರಿ ಕಾಗದದಾಗ ಇದೇ ಪದ ಇರತೈತಿ, ಗಡಿ ಆಚೆ ಅದಕ್ಕ ಮಳಿ ಅಂತಾರ. ಎರಡೂ ಹೆಸರು ಒಂದೇ ಥರ ಕೇಳ್ತಾವಂತ ಪೇಪರಿನವರು ಒಂದರ ಜಾಗಾದಾಗ ಇನ್ನೊಂದು ಹಾಕ್ತಾರ, ತಿನ್ನೋದು ಒಂದು, ತಿನ್ನಬಾರದ್ದು ಇನ್ನೊಂದು, ಇದು ಸಣ್ಣ ವ್ಯತ್ಯಾಸ ಅಲ್ರಿ. ಕ್ಯಾಂಡಿ ಸಿರಪ್ ಈ ಎರಡೂ ಅಲ್ಲ. ಕಬ್ಬಿನ ಉಪ್ಪಿನ ಅಂಶ ಅದರಾಗ ಇಲ್ಲ, ಬೆಲ್ಲದ ಮಣ್ಣು ವಾಸನಿ ಇಲ್ಲ, ಸಕ್ಕರಿ ಸುಟ್ಟು ಇನ್ನೇನು ಕಹಿ ಆಗಬೇಕು ಅನ್ನೂದ್ರಾಗ ನಿಂತಿರತೈತಿ. ಸದ್ಯಕ್ಕ 'ಸಕ್ಕರಿ ಕರಿ ಪಾಕ' ಅಂತ ಬರದೀನಿ. ಆದ್ರ ಮಹಾಲಿಂಗಪುರ, ಮುಧೋಳ ಕಡೆ ಗಾಣ ನಡಸೋರು ಈ ಗುಂಪಿನ್ಯಾಗ ಇದ್ರ ಹೇಳ್ರಿ, ಕೊಪ್ಪರಿಗಿಯೊಳಗ ಪಾಕ ಹದ ದಾಟಿ ಕಪ್ಪಾಗಾಕ ಹತ್ತಿದಾಗ ಏನಂತೀರಿ? ಪಾಕ ಏರಿತು ಅಂತೀರೋ, ಕರಕಾತು ಅಂತೀರೋ, ಇನ್ನೂ ಬ್ಯಾರೆ ಮಾತೈತೋ? ಆ ಘಟ್ಟಕ್ಕ ಗಾಣದವರ ಹತ್ರ ಒಂದು ಹೆಸರು ಇದ್ದೇ ಇರತೈತಿ ಅಂತ ನನ್ನ ನಂಬಿಕಿ, 'ಕ್ಯಾರಮೆಲ್' ಅಂತ ಬರದು ಕೈ ತೊಳಕೊಳ್ಳಾಕ ನನಗ ಮನಸ್ಸಿಲ್ಲ.

ಈಗ ಮೂಲ ಪ್ರಶ್ನೆಗೆ ಬರ್ತೀನಿ. ವಾಸನಿ ನೋಡಿದ್ರ ಇದು ಭಾಳ ಸಿಹಿ ಇರತೈತಿ ಅನಸ್ತೈತಿ, ಬಾಯಾಗ ಹಾಕ್ಕೊಂಡ್ರ ಹಂಗಿಲ್ಲ. ಯಾಕಂದ್ರ ಹಾಕಿದ ಸಕ್ಕರಿ ಅಷ್ಟೂ ಈಸ್ಟ್ ತಿಂದು ಬಿಟ್ಟಿರತೈತಿ, ಬಾರ್ಲಿ ಮಾಲ್ಟಿನ (ಮೊಳಕಿ ಬರಿಸಿ ಒಣಗಿಸಿದ ಬಾರ್ಲಿಯ) ಸಕ್ಕರಿಯೊಳಗ ಈಸ್ಟಿಗೆ ತಿನ್ನಾಕ ಆಗಲಾರದ್ದು ಒಂದಿಷ್ಟು ಉಳಿತೈತಿ, ಸಾದಾ ಸಕ್ಕರಿಯೊಳಗ ಏನೂ ಉಳಿಯಂಗಿಲ್ಲ. ಅದಕ್ಕ ಪಾಕ ಹಾಕಿದಷ್ಟು ನಶಾ ಏರತೈತಿ ಆದ್ರ ಬೀರು ಮಂದ ಆಗೂದಿಲ್ಲ, ಪಾಕದ ವಾಸನಿ ಉಳಿತೈತಿ, ಸಿಹಿ ಉಳಿಯೂದಿಲ್ಲ. ಇಷ್ಟನ್ನೂ ಇಂಗ್ಲಿಷ್‌ನವರು 'ಡ್ರೈ' ಅಂತ ಒಂದು ಪದದಾಗ ಮುಗಸ್ತಾರ. ನಾವು ಒಣ ಅಂದ್ರ ಒಣಾ ರೊಟ್ಟಿ, ಒಣಾ ಮೆಣಸಿನಕಾಯಿ, ಒಣಾ ಜಂಬ. ಕುಡಿಯೋ ವಸ್ತು ಒಣಾ ಹೆಂಗಿರತೈತಿ ಅಂತ ನಮ್ಮ ತಾಯಿ ಕೇಳಿದ್ರ ನನ್ನ ಹತ್ರ ಉತ್ತರ ಇಲ್ಲ.

ನನ್ನ ಅಂದಾಜು ಏನಂದ್ರ ನಾವು ವಿಶೇಷಣ ಹುಡುಕಾಕತ್ತೀವಿ, ಕನ್ನಡ ಇದನ್ನ ಕ್ರಿಯಾಪದದಾಗ ಹೇಳತೈತಿ. ಶೀರಾಕ್ಕ ಸಕ್ಕರಿ ಜಾಸ್ತಿ ಆದ್ರ 'ಮುಖಕ್ಕ ಹೊಡಿತೈತಿ' ಅಂತೀವಿ, ಎರಡನೇ ತುತ್ತು ಒಳಗ ಹೋಗಂಗಿಲ್ಲ ಅಂತೀವಿ. ಹಂಗಾರ ಈ ಬೀರು 'ಮುಖಕ್ಕ ಹೊಡಿಯಂಗಿಲ್ಲ', 'ಸಿಹಿ ಬಾಯಾಗ ನಿಲ್ಲಂಗಿಲ್ಲ'. ಹಿಂಗ ಬರದ್ರ ಯಾರಿಗೂ ತಿಳಿತೈತಿ, 'ಒಣ ಮುಕ್ತಾಯ'ದ ಜಾಗಾದಾಗ 'ಗಂಟಲಿಗೆ ಇಳದ ಮ್ಯಾಲೆ ಸಿಹಿ ನಿಲ್ಲಂಗಿಲ್ಲ' ಅಂತ ಹಾಕೇನಿ. ತಕರಾರು ಏನಂದ್ರ ಲೇಬಲ್ ಮ್ಯಾಲೆ, ಮೆನು ಕಾರ್ಡಿನ ಮ್ಯಾಲೆ ವಾಕ್ಯ ಹಿಡಿಯೂದಿಲ್ಲ, ಅಲ್ಲಿ ಒಂದೇ ಪದ ಬೇಕು. 'ನಿಲ್ಲದ ಸಿಹಿ'? ನನಗ ಪೂರ್ತಿ ಸಮಾಧಾನ ಇಲ್ಲ.

ದಯವಿಟ್ಟು ಯಾರೂ 'ಒಗರು' ಅಂತ ಉತ್ತರ ಕೊಡಬ್ಯಾಡ್ರಿ. ಕಿಟೆಲ್ 1894ರ ನಿಘಂಟಿನ್ಯಾಗ ನೋಡ್ರಿ, ನಿಮ್ಮ ನಾಲಿಗಿನ್ನೇ ಕೇಳ್ರಿ, ಒಗರು ಅಂದ್ರ ನೇರಳೆಹಣ್ಣು, ಎಳೇ ಬಾಳಿಕಾಯಿ ನಾಲಿಗಿ ಹಿಡಿಯೋದು, ಅದು ಟ್ಯಾನಿನ್ ಕೆಲಸ. ಕೆಂಪು ವೈನ್‌ಗೆ ನಡಿತೈತಿ. ಸಿಹಿ ಇಲ್ಲದಿರೂದು ಬ್ಯಾರೆ, ನಾಲಿಗಿ ಹಿಡಿಯೋದು ಬ್ಯಾರೆ. ಬೀರ್ ಬಗ್ಗೆ ಬರಿಯೋರು ಕಹಿಗೂ ಒಗರು, ಹುಳಿಗೂ ಒಗರು ಅಂತ ಬರದು ಬರದು ಆ ಪದದ ಹಲ್ಲೇ ಉದರಿಸ್ಯಾರ. ಕಹಿ ಈ ಬೀರಿನ್ಯಾಗ ಕಮ್ಮಿ, ಬೀರಿಗೆ ಕಹಿ ಕೊಡೋ ಹಾಪ್ಸ್ ಹೂವು ಮುಂದ ಬಂದು ಕುಂದ್ರಂಗಿಲ್ಲ.

ಇನ್ನೊಂದು, ಹಣ್ಣಿನ ರುಚಿಗೆ ಹುಡುಗ 'ಒಣದ್ರಾಕ್ಷಿ' ಅಂತ ಬರದಾನ. ತಪ್ಪಲ್ಲ, ಆದ್ರ ಸಾಲೂದಿಲ್ಲ. ವಿಜಯಪುರದವರು ಇಲ್ಲಿ ಬಾಯಿ ಹಾಕಬೇಕು, ನಿಮ್ಮ ಜಿಲ್ಲೆಯೊಳಗ ದ್ರಾಕ್ಷಿ ಒಣಗಿಸೋ ಶೆಡ್ಡು ಸಾಲು ಸಾಲು ಅದಾವ. ಬೀಜ ಇಲ್ಲದ ಹಸರು ಹಳದಿ ಬೇದಾಣಿ ಒಂದು, ಕರಿ ಮನೂಕ ಒಂದು, ಬೇದಾಣಿ ಬರೇ ಹುಳಿಸಿಹಿ, ಮನೂಕದಾಗ ಅದರ ಜೋಡಿ ಒಂದು ಹಳೇತನ ಇರತೈತಿ, ಸಿಪ್ಪಿ ಅಗದಾಗ ಬರೋದು. ಬೀರಿನ್ಯಾಗ ಇರೋದು ಮನೂಕ, ಜೊತಿಗೆ ಅಂಜೂರ, ಖಾರೀಕು. ಗೋಕಾಕ ಕರದಂಟು ತಿಂದವರಿಗೆ ಅದರಾಗಿನ ಸಿಹಿ ತಗದು ಉಳದ ವಾಸನಿ ಅಂದ್ರ ಸಾಕು, ಮುಂದ ಹೇಳೋದ ಬೇಕಾಗಿಲ್ಲ. ನನಗ ಬೇಕಾಗಿರೂದು ಇಷ್ಟ, ಮನೂಕ ಅಂತ ಬರದ್ರ ತುಮಕೂರು ಮೈಸೂರಿನವರಿಗೆ ತಿಳಿತೈತಾ? ತಿಳಿಯಲಿಲ್ಲಂದ್ರ 'ಕರಿ ಒಣದ್ರಾಕ್ಷಿ' ಮಾಡ್ತೀನಿ, ಆದ್ರ ಮನಸ್ಸಿಲ್ಲದ ಮನಸ್ಸಿಂದ.

'ಸ್ಟ್ರಾಂಗ್' ಹಂಗೇ ಬಿಡ್ಲೋ ಬ್ಯಾಡೋ ಗೊತ್ತಾಗವಲ್ದು. ನಮ್ಮಲ್ಲಿ ಸ್ಟ್ರಾಂಗ್ ಬೀರ್ ಅಂದ್ರ 5ರ ಮ್ಯಾಲೆ 8 ಪರ್ಸೆಂಟ್ ತನಕ ಅಂತ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಲೆಕ್ಕ, ಬೆಲ್ಜಿಯಮ್‌ದಾಗ ಈ ಜಾತಿ ಶುರು ಆಗೋದೇ 8ರ ಸುತ್ತಮುತ್ತ, ಅಲ್ಲಿನ ಟ್ರಾಪಿಸ್ಟ್ ಬೀರುಗಳೊಳಗ ಶಿಮೇ ನೀಲಿ ಲೇಬಲ್ಲಿಂದು 9, ವೆಸ್ಟ್‌ವ್ಲೆಟೆರೆನ್ 12 ಅನ್ನೋದು 10.2, ರೋಶ್‌ಫೋರ್ 10 ಅನ್ನೋದು 11.3. ಈ ಹೆಸರಿನ್ಯಾಗಿನ 10, 12 ಪರ್ಸೆಂಟ್ ಅಲ್ಲ ಅಂತ ಅಡಿಟಿಪ್ಪಣಿ ಹಾಕಬೇಕು, ಹುಡುಗ ಅಲ್ಲೂ ಪರ್ಸೆಂಟ್ ಅಂತ ಬರದಾನ. ರೋಶ್‌ಫೋರ್‌ನದು ಹಳೇ ಬೆಲ್ಜಿಯನ್ ಡಿಗ್ರಿ, ಹುದುಗೋಕ್ಕಿಂತ ಮೊದಲು ರಸ ಎಷ್ಟು ಗಟ್ಟಿ ಇತ್ತು ಅನ್ನೋದರ ಅಳತಿ. ಇನ್ನ ಈ ಜಾತಿ ಬೀರಿಗೆ 'ಕ್ವಾಡ್ರುಪೆಲ್' ಅಂತ ಕರೀತಾರಲ್ಲ, ಅದು ಬೆಲ್ಜಿಯಮ್ ಹೆಸರೂ ಅಲ್ಲ, ನೆದರ್‌ಲ್ಯಾಂಡ್ಸ್‌ನ ಲಾ ಟ್ರಾಪ್ ಬ್ರೂವರಿಯವರು 1991ರಾಗ ಇಟ್ಟಿದ್ದು, ಅದಕ್ಕ 'ನಾಲ್ಮಡಿ' ಅಂತ ಅನುವಾದ ಮಾಡೋ ಉತ್ಸಾಹ ಯಾರಿಗೂ ಬರಬಾರದು. ಸ್ಟ್ರಾಂಗ್‌ಗೆ ನನ್ನ ಓಟು 'ಕಡಕ್'. ಚಹಾ ಕಡಕ್ ಅಂತೀವಿ, ತಂಬಾಕ ಕಡಕ್ ಅಂತೀವಿ, ಬೀರೂ ಕಡಕ್ ಆಗ್ಲಿ. ಆದ್ರ ಕಡಕ್ ಅಂದ ಕೂಡಲೇ ಗಂಟಲಾಗ ಚುರ್ ಅನ್ನೋದು ನೆನಪಾಗತೈತಿ, ಇದು ಹಂಗಿಲ್ಲ, ಬಾಯಾಗ ಮೆತ್ತಗಿರತೈತಿ, ಕೆಳಗ ಇಳದ ಮ್ಯಾಲೆ ಎದಿ ಬೆಚ್ಚಗಾಗತೈತಿ. ಅದಕ್ಕ ಬ್ಯಾರೆ ಪದ ಗೊತ್ತಿದ್ರ ಬರೀರಿ.

ಕಡೀದು, ಬಾಟ್ಲಿ ತಳದಾಗ ಉಳಿಯೋ ಈಸ್ಟ್. ಈ ಬ್ರೂವರಿಯವರು ಬೂಚು ಹಾಕೋ ಮುಂದ ಒಂದೀಟು ಸಕ್ಕರಿ, ಈಸ್ಟ್ ಸೇರಸ್ತಾರ, ಬಾಟ್ಲಿಯೊಳಗ ಇನ್ನೊಮ್ಮೆ ಹುದುಗತೈತಿ, ಆಮ್ಯಾಲೆ ಅದು ತಳಕ್ಕ ಕೂಡತೈತಿ. ಸುರಿಯುವಾಗ ಕಡೀ ಒಂದು ಬಟ್ಟು ಬಿಡಬೇಕು, ಇಲ್ಲಂದ್ರ ಗ್ಲಾಸ್ ರಾಡಿ ಆಗತೈತಿ, ಕೆಲವರು ಬೇಕಂತ ಹಾಕ್ಕೊಂಡು ಕುಡಿತಾರ, ಅದು ಅವರವರ ಇಷ್ಟ. ಇದಕ್ಕ 'ಗಸಿ' ಅಂತ ಬರದೀನಿ. ದಕ್ಷಿಣದ ಗೆಳೆಯರೊಬ್ಬರು 'ಚರಟ' ಸರಿ ಅಂತಾರ, ನನಗ ಚರಟ ಅಂದ್ರ ಸೋಸಿದಾಗ ಜರಡಿ ಮ್ಯಾಲೆ ಉಳಿಯೋದು, ಗಸಿ ಅಂದ್ರ ತಾನಾಗೇ ಕೆಳಗ ಕೂಡೋದು. ತುಪ್ಪದ ತಳದ್ದಕ್ಕ ನಮ್ಮ ಓಣಿಯೊಳಗ ಮರಾಠಿ ಮಂದಿ 'ಬೇರಿ' ಅಂತಾರ, ಅದು ಇಲ್ಲಿಗೆ ಹೊಂದೂದಿಲ್ಲ, ಬೇರಿ ತಿನ್ನಾಕ ಮಕ್ಕಳು ಜಗಳಾಡ್ತಾವು. ಗಸಿ, ಚರಟ ಇವೆರಡರಾಗ ನಿಮ್ಮ ಊರಿನ್ಯಾಗ ಯಾವುದಕ್ಕ ಯಾವುದು ಅಂತೀರಿ ಅನ್ನೋದನ್ನ ಊರಿನ ಹೆಸರು ಸಮೇತ ಬರದ್ರ ಉಪಕಾರ ಆಗತೈತಿ. ಬರಹ ಈ ವಾರದಾಗ ಹುಡುಗನಿಗೆ ವಾಪಸ್ ಕಳಸಬೇಕು, 'ಡ್ರೈ' ಬಗ್ಗೆ ಮೊದಲು ಹೇಳ್ರಿ, ಉಳದದ್ದು ನಿಧಾನಕ್ಕ ಆಗ್ಲಿ.