ಅಪ್‌ಡೇಟ್: ಸಮಾಧಿಯಿಲ್ಲದ ಬಾಂಬರ್ ಪೈಲಟ್‌ನ ಹೆಸರು ಸಿಕ್ಕಿತು

ದೇಹವೇ ಸಿಗದ ಬಾಂಬರ್ ವೈಮಾನಿಕನನ್ನು ಎಲ್ಲಿ ಸ್ಮರಿಸುತ್ತಾರೆಂದು, ಕೆನಡಾದ ಪೈಲಟ್ ವರ್ನನ್ ಬೈಯರ್ಸ್‌ನನ್ನು ಉದಾಹರಿಸಿ, ನಾನು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನೀವು ಸೂಚಿಸಿದಂತೆ ಇಂಗ್ಲೆಂಡಿನ ಎಗಮ್ ಬಳಿಯ ರನ್ನಿಮೀಡ್ ವಾಯುಪಡೆ ಸ್ಮಾರಕಕ್ಕೆ ಹೋಗಿ ಬಂದೆ.

ಎರಡನೇ ಮಹಾಯುದ್ಧದ ವೇಳೆ, 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳಲ್ಲಿ 8 ಮರಳಲಿಲ್ಲ. 53 ಮಂದಿ ಸತ್ತರು. ಸೋರ್ಪೆ ಅಣೆಕಟ್ಟಿನತ್ತ ಹೊರಟಿದ್ದ ಬೈಯರ್ಸ್‌ನ ವಿಮಾನ ಗುರಿ ಮುಟ್ಟುವ ಮೊದಲೇ, ನೆದರ್ಲೆಂಡ್ಸ್ ಕರಾವಳಿಯ ವಾಡನ್ ಸಮುದ್ರಕ್ಕೆ ಬಿತ್ತು. ಏಳು ಜನರಲ್ಲಿ ಹಿಂಬದಿಯ ಗನ್ನರ್ ಜೇಮ್ಸ್ ಮ್ಯಾಕ್‌ಡೊವೆಲ್‌ನ ದೇಹ ಮಾತ್ರ ಸಿಕ್ಕಿ, ಹಾರ್ಲಿಂಗನ್‌ನಲ್ಲಿ ಮಣ್ಣಾಯಿತು.

ಉಳಿದ ಆರು ಮಂದಿಯ ಹೆಸರುಗಳು ರನ್ನಿಮೀಡಿನ ಕಲ್ಲಿನಲ್ಲಿವೆ. ಅಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿರುವುದರಿಂದ ಸುಮ್ಮನೆ ಹುಡುಕುತ್ತ ನಿಂತರೆ ದಿನವಿಡೀ ಸಾಲದು. ಮೊದಲು ವರ್ಷ, ಆಮೇಲೆ ವಾಯುಪಡೆ, ಅನಂತರ ಹುದ್ದೆ ಎಂಬ ಅನುಕ್ರಮ ತಿಳಿದಿದ್ದರಿಂದಲೇ ನನಗೆ ಹೆಸರು ಬೇಗ ಸಿಕ್ಕಿತು. ಕಿರಿದಾದ ಕಿಟಕಿಗಳ ಎರಡೂ ಪಕ್ಕದ ಬಿಳಿಗಲ್ಲಿನಲ್ಲಿ ಅಕ್ಷರಗಳನ್ನು ಕೊರೆದಿರುವುದರಿಂದ ಹೊರಗಿನ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅವು ಸ್ಪಷ್ಟವಾಗಿ ಕಾಣುತ್ತವೆ. ಮೋಡ ಕವಿದರೆ, ಬೆರಳಾಡಿಸಿಯೇ ಓದಬೇಕು. ನಾನು ಹಾಗೆಯೇ ಓದಿದೆ.